ದಪ್ಪ ಅಲಂಕಾರಿಕ ಅಕ್ಷರಗಳು: ನಮ್ಮ ಅಂಗಡಿಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆ ಕಡೆಯ ಸಣ್ಣ ಡಿಸೈನ್ ಅಂಗಡಿ. ಬೋರ್ಡು, ಬ್ಯಾನರು, ಯಕ್ಷಗಾನದ ಕರಪತ್ರ, ಜಾತ್ರೆ ಹೇಳಿಕೆ (ಆಮಂತ್ರಣ), ಕ್ಲಬ್ಬಿನ ವಾರ್ಷಿಕೋತ್ಸವದ ಸ್ಟೇಜಿನ ಹಿಂದಿನ ಪರದೆ, ಎಲ್ಲ ಮಾಡುತ್ತೇವೆ. ಬಂದವರಲ್ಲಿ ಹತ್ತರಲ್ಲಿ ಎಂಟು ಜನ ಹೇಳುವುದು ಒಂದೇ ಮಾತು: "ಅಕ್ಷರ ಸ್ವಲ್ಪ ದಪ್ಪ ಇರಲಿ, ಡಿಸೈನ್ ಡಿಸೈನ್ ಆಗಿ ಇರಲಿ." ಆಮೇಲೆ ಅದೇ ಪ್ರಶ್ನೆಗಳು ಮತ್ತೆ ಮತ್ತೆ. ಉತ್ತರ ಹೇಳಿ ಹೇಳಿ ಗಂಟಲು ಒಣಗಿತು, ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ಡಿಸ್‌ಪ್ಲೇ ಫಾಂಟ್ ಅಂದರೆ ಎಂತ? ಮಾಮೂಲಿ ಫಾಂಟನ್ನೇ ದೊಡ್ಡದು ಮಾಡಿದರೆ ಆಗುವುದಿಲ್ವಾ?

ಆಗುತ್ತದೆ, ಆದರೆ ಸಪ್ಪೆ ಕಾಣುತ್ತದೆ. ಓದುವ ಪುಟಕ್ಕೆ ಮಾಡಿದ ಅಕ್ಷರ ಸಣ್ಣ ಗಾತ್ರದಲ್ಲಿ ಸಾಲುಗಟ್ಟಲೆ ಓದಿದರೂ ಕಣ್ಣಿಗೆ ಆಯಾಸ ಆಗಬಾರದು ಅಂತ ಮಾಡಿದ್ದು. ಡಿಸ್‌ಪ್ಲೇ ಅಕ್ಷರವನ್ನು ಎರಡು ಮೂರು ಶಬ್ದಕ್ಕೆ, ದೊಡ್ಡ ಗಾತ್ರಕ್ಕೆ ಅಂತಲೇ ಮಾಡಿರುತ್ತಾರೆ. ಅದರ ಮೈ ದಪ್ಪ, ತುದಿಗಳಲ್ಲಿ ಏನಾದರೊಂದು ವಿಶೇಷ, ತಲೆಕಟ್ಟಿಗೊಂದು ತಿರುವು, ಒಳಗೊಂದು ಗೆರೆ ಅಥವಾ ಹಿಂದೊಂದು ನೆರಳು.

ನಾನು ಗಿರಾಕಿಗಳಿಗೆ ಹೇಳುವುದು ಯಕ್ಷಗಾನದ ಬಣ್ಣದ ವೇಷದ, ಎಂದರೆ ಮುಖ ತುಂಬ ಬಣ್ಣ ಬಳಿದ ರಾಕ್ಷಸ ವೇಷದ ಲೆಕ್ಕ. ತೆಂಕುತಿಟ್ಟಿನ, ಎಂದರೆ ನಮ್ಮ ಕಡೆಯ ಶೈಲಿಯ ಆಟ ನೋಡಿದವರಿಗೆ ಬೇಗ ಅರ್ಥ ಆಗುತ್ತದೆ. ಮಹಿಷಾಸುರ ದೊಂದಿ ಹಿಡಿದು ಸಭೆಯ ನಡುವಿನಿಂದ ಅಬ್ಬರಿಸಿಕೊಂಡು ಬರುವಾಗ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ಆದರೆ ಸಂಜೆಯಿಂದ ಬೆಳಗಿನವರೆಗೆ ರಂಗಸ್ಥಳದಲ್ಲಿ ಹತ್ತು ಮಹಿಷಾಸುರರೇ ಕುಣಿದರೆ? ಮೊದಲ ಅರ್ಧ ಗಂಟೆಯಲ್ಲೇ ಮಂದಿ ಚಹಾ ಕುಡಿಯಲು ಹೋಗುತ್ತಾರೆ. ಒಂದು ಬ್ಯಾನರಿಗೆ ಒಂದು ಬಣ್ಣದ ವೇಷ ಸಾಕು. ಈ ಪುಟದಲ್ಲಿ ನಾನು ಸುತ್ತಿ ಬಳಸಿ ಹೇಳುವುದೂ ಹೆಚ್ಚಾಗಿ ಇದನ್ನೇ.

ಇಂಥ ಅಕ್ಷರ ಶುರು ಆದದ್ದು ಎಲ್ಲಿ?

ಇಂಗ್ಲಿಷಿನಲ್ಲಿ ಆದರೆ ಲಂಡನ್ನಿನಲ್ಲಿ, ಸುಮಾರು ಇನ್ನೂರು ವರ್ಷದ ಹಿಂದೆ. ಅದಕ್ಕೆ ಮೊದಲು ಅಚ್ಚುಮೊಳೆ (ಅಚ್ಚಿಗೆ ಜೋಡಿಸುವ ಸೀಸದ ಅಕ್ಷರ) ಎಂದರೆ ಪುಸ್ತಕದ ಮೊಳೆಯೇ. ಆಮೇಲೆ ಲಾಟರಿ, ನಾಟಕ, ಅಂಗಡಿಗಳ ಜಾಹೀರಾತು ಗೋಡೆಗೆ ಏರಿದವು. ಒಂದು ಪೋಸ್ಟರಿನ ಪಕ್ಕ ಇನ್ನೊಂದು, ಯಾರು ಜಾಸ್ತಿ ಕೂಗುತ್ತಾರೋ ಅವರದ್ದೇ ಕಾಣುವುದು. ರಾಬರ್ಟ್ ಥಾರ್ನ್ ಎಂಬ ಮೊಳೆ ಎರಕದವರು ಮಾಡಿದಂಥ ಹೊಟ್ಟೆಬಾಕ ಅಕ್ಷರಗಳಿಗೆ ಫ್ಯಾಟ್ ಫೇಸ್ ಅಂತಲೇ ಹೆಸರು ಬಿತ್ತು. ಸೀಸದಲ್ಲಿ ದೊಡ್ಡ ಅಕ್ಷರ ಎರೆದರೆ ಭಾರ, ದುಬಾರಿ, ಮೇಲ್ಮೈ ಸಮ ಬರುವುದಿಲ್ಲ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದಲ್ಲಿ ಅಕ್ಷರ ಕೊರೆಯುವ ಯಂತ್ರದ ದಾರಿ ಹಿಡಿದರು. ಮರದ ಮೊಳೆ ಹಗುರ, ಎಷ್ಟು ದೊಡ್ಡದು ಬೇಕಾದರೂ ಆಗುತ್ತದೆ, ಎಂಥ ಅಲಂಕಾರವೂ ಆಗುತ್ತದೆ. ಸರ್ಕಸ್ಸಿನ ಪೋಸ್ಟರಿನಲ್ಲಿ ಕಾಣುವ ಅಕ್ಷರ ಎಲ್ಲ ಆ ಮರದ ಮೊಳೆಯ ಸಂತತಿ. ಇನ್ನೊಂದು ನಿಮಗೆ ಗೊತ್ತಿರುವುದು, ಹೆಸರು ಗೊತ್ತಿಲ್ಲದಿದ್ದರೂ ನೋಡಿಯೇ ನೋಡಿರುತ್ತೀರಿ: ಕೂಪರ್ ಬ್ಲ್ಯಾಕ್. ಷಿಕಾಗೋದ ಓಸ್ವಾಲ್ಡ್ ಕೂಪರ್ ಮಾಡಿದ್ದು, 1922ರಲ್ಲಿ ಬಂತು. ತುದಿಗಳೆಲ್ಲ ಮೆತ್ತಗೆ, ಮೈ ತುಂಬಿಕೊಂಡು, ಇಡ್ಲಿ ಒತ್ತಿ ಮಾಡಿದ ಹಾಗೆ.

ನಮ್ಮ ಕಡೆಯ ಕತೆ ಬೇರೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಪ್ರೆಸ್ ಶುರುವಾದದ್ದು 1841ರಲ್ಲಿ. 1843ರ 'ಮಂಗಳೂರು ಸಮಾಚಾರ' ಕಲ್ಲಚ್ಚಿನಲ್ಲಿ ಬಂತು, ಎಂದರೆ ಕೈಯಲ್ಲಿ ಬರೆದದ್ದೇ ಅಚ್ಚಾದದ್ದು. ಆಗ ಮಂಗಳೂರೂ ಕಾಸರಗೋಡೂ ಒಂದೇ ಕೆನರಾ ಜಿಲ್ಲೆಯೊಳಗೇ ಇದ್ದವು. ಮೊಳೆ ಬಂದ ಮೇಲೂ ನಮ್ಮೂರಲ್ಲಿ ಬೋರ್ಡಿನ ದೊಡ್ಡ ಕನ್ನಡ ಅಕ್ಷರ ಹೆಚ್ಚಾಗಿ ಪೈಂಟರ ಬ್ರಷ್ಷಿನಿಂದಲೇ ಬಂದದ್ದು. ಇವತ್ತಿಗೂ ಕನ್ನಡದಲ್ಲಿ ಒಳ್ಳೆಯ ದಪ್ಪ ಅಕ್ಷರ ಬೇಕಾದರೆ ಆ ಬ್ರಷ್ಷಿನ ಕೈಯನ್ನು ನೋಡಿ ಕಲಿಯಬೇಕು ಅಂತ ನನ್ನ ಅಭಿಪ್ರಾಯ.

ಇಂಗ್ಲಿಷ್ ದಪ್ಪ ಮಾಡಿದರೆ ಚಂದ ಕಾಣುತ್ತದೆ, ಕನ್ನಡ ದಪ್ಪ ಮಾಡಿದರೆ ಯಾಕೆ ಮಸಿ ಚೆಲ್ಲಿದ ಹಾಗೆ ಆಗುತ್ತದೆ?

ಇದು ಬಹಳ ಒಳ್ಳೆಯ ಪ್ರಶ್ನೆ. ಇಂಗ್ಲಿಷಿನ ಎಲ್ ಅಕ್ಷರದಲ್ಲಿ ಎರಡೇ ಗೆರೆ. ಕನ್ನಡದ ಣ, ಖ, ಞ, ಝ ಬರೆದು ನೋಡಿ, ಬೆರಳು ಎಷ್ಟು ಸಲ ತಿರುಗುತ್ತದೆ ಅಂತ. ಅಷ್ಟೂ ತಿರುವು ಅದೇ ಎತ್ತರದೊಳಗೆ ಕೂರಬೇಕು. ಗೆರೆ ದಪ್ಪ ಆದ ಹಾಗೆ ಒಳಗಿನ ಖಾಲಿ ಜಾಗ ಮುಚ್ಚಿಕೊಳ್ಳುತ್ತದೆ. ಕಣ್ಣು ಓದುವುದು ಮಸಿಯನ್ನು ಎಷ್ಟೋ, ಆ ಖಾಲಿ ಜಾಗವನ್ನೂ ಅಷ್ಟೇ.

ಅದಕ್ಕಿಂತ ದೊಡ್ಡ ಅಪಾಯ ಮಹಾಪ್ರಾಣದ ಸೀಳು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಪ ಮತ್ತು ಫ. ಇವುಗಳ ನಡುವೆ ಇರುವುದು ಅಡಿಯಲ್ಲೊಂದು ಸಣ್ಣ ಸೀಳು ಅಥವಾ ಗೀಟು ಮಾತ್ರ. ಅಕ್ಷರ ದಪ್ಪ ಆದಾಗ ಮೊದಲು ಸಾಯುವುದು ಅದೇ. ಒಮ್ಮೆ ನಾನೇ ಮಾಡಿದ ಎಡವಟ್ಟು ಹೇಳುತ್ತೇನೆ. ಒಂದು ಬ್ರಹ್ಮಕಲಶದ ಬ್ಯಾನರು, ಹದಿನಾರು ಅಡಿ. ಸ್ಕ್ರೀನಿನ ಮೇಲೆ ಎಲ್ಲ ಸರಿ ಇತ್ತು. ಬಟ್ಟೆಯ ಮೇಲೆ ಬಿದ್ದಾಗ ಶಾಯಿ ಸ್ವಲ್ಪ ಹರಡಿ 'ಧಾರ್ಮಿಕ ಸಭೆ' ಹೋಗಿ 'ದಾರ್ಮಿಕ ಸಬೆ' ಆಯ್ತು. ಕನ್ನಡ ಮೇಷ್ಟ್ರೊಬ್ಬರು ಅದರ ಅಡಿಯಲ್ಲೇ ಕುರ್ಚಿ ಹಾಕಿ ಕೂತಿದ್ದರು. ಅವರು ನನ್ನನ್ನು ನೋಡಿದ ನೋಟ ಈಗಲೂ ಮರೆತಿಲ್ಲ.

ಒಳ್ಳೆಯ ಫಾಂಟ್ ಮಾಡುವವರು ಇದನ್ನು ಮೊದಲೇ ಯೋಚಿಸಿರುತ್ತಾರೆ. ಗಿಜಿಗಿಜಿ ಇರುವ ಅಕ್ಷರಗಳಲ್ಲಿ ಗೆರೆಯನ್ನು ಗುಟ್ಟಾಗಿ ಸ್ವಲ್ಪ ತೆಳು ಮಾಡುತ್ತಾರೆ, ಅಕ್ಷರವನ್ನು ಸ್ವಲ್ಪ ಅಗಲ ಮಾಡುತ್ತಾರೆ, ಸೀಳನ್ನು ಬೇಕಂತಲೇ ದೊಡ್ಡದಾಗಿ ಕೊರೆಯುತ್ತಾರೆ. ನೋಡುವವರಿಗೆ ಎಲ್ಲವೂ ಒಂದೇ ದಪ್ಪ ಅಂತ ಅನ್ನಿಸುತ್ತದೆ. ಅಳೆದು ನೋಡಿದರೆ ಇಲ್ಲ.

ಹಾಗಾದರೆ ನನ್ನ ಫಾಂಟಿನಲ್ಲಿರುವ ಬೋಲ್ಡ್ ಗುಂಡಿ ಒತ್ತಬಾರದಾ?

ಆ ಫಾಂಟಿಗೆ ನಿಜವಾದ ಬೋಲ್ಡ್ ಇದ್ದರೆ ಒತ್ತಿ. ಇಲ್ಲದಿದ್ದರೆ ಸಾಫ್ಟ್‌ವೇರ್ ಸುಮ್ನೆ ಅಕ್ಷರದ ಸುತ್ತ ಮಸಿ ಬಳಿದು ಕೊಡುತ್ತದೆ, ಅಷ್ಟೇ. ಮೇಲೆ ಹೇಳಿದ ಯಾವ ಜಾಣತನವೂ ಅದಕ್ಕೆ ಗೊತ್ತಿಲ್ಲ. ಸುತ್ತ ಔಟ್‌ಲೈನ್ ಕೊಟ್ಟು ದಪ್ಪ ಮಾಡುವುದೂ ಇದೇ ಪಾಪ.

ಫಾಂಟ್ ಒಳ್ಳೆಯದೋ ಅಲ್ವೋ ಅಂತ ಬೇಗ ನೋಡುವುದು ಹೇಗೆ?

ನನ್ನ ಪರೀಕ್ಷೆ ಊರ ಹೆಸರುಗಳದ್ದು. ಮೊದಲು 'ಧರ್ಮತ್ತಡ್ಕ' ಅಂತ ಟೈಪ್ ಮಾಡುತ್ತೇನೆ. ಮಹಾಪ್ರಾಣ, ಅರ್ಕಾವತ್ತು, ಎರಡು ಒತ್ತು, ಎಲ್ಲ ಒಂದೇ ಶಬ್ದದಲ್ಲಿ ಸಿಕ್ಕಿತು. ಆಮೇಲೆ 'ಮುಳ್ಳೇರಿಯ', 'ಮಂಜೇಶ್ವರ', 'ಮಧೂರು'. ಮಧೂರು ಗಣಪತಿ ದೇವಸ್ಥಾನದ ಊರು, ಅದರ ಧ ಸತ್ತರೆ ಗಣಪತಿಯೇ ಕಾಪಾಡಬೇಕು.

ಕೊನೆಗೆ 'ಕಾಞಂಗಾಡು' ಮತ್ತು 'ಕೋಝಿಕ್ಕೋಡ್'. ಇದು ಕಾಸರಗೋಡಿನವರ ವಿಶೇಷ ತಾಪತ್ರಯ. ಬೆಂಗಳೂರಿನವರಿಗೆ ಞ, ಝ ಎಂದರೆ ಒಂದನೇ ಕ್ಲಾಸಿನ ವರ್ಣಮಾಲೆಯ ಚಾರ್ಟು. ನಮಗೆ ಬಸ್ಸಿನ ಬೋರ್ಡು. ಕೆಲವು ಅಲಂಕಾರಿಕ ಫಾಂಟುಗಳಲ್ಲಿ ಉಳಿದ ಅಕ್ಷರ ಎಲ್ಲ ಮೆರವಣಿಗೆ ಹೊರಟಂತೆ ಇದ್ದರೆ ಈ ಎರಡು ಮಾತ್ರ ಬೇರೆ ಮನೆಯಿಂದ ಸಾಲ ತಂದಂತೆ ಕಾಣುತ್ತವೆ. ಅಂಥದ್ದನ್ನು ನಾನು ಕೊಳ್ಳುವುದಿಲ್ಲ.

ಒತ್ತಿನ ರಾಶಿಗೆ 'ರಾಷ್ಟ್ರ', 'ಸ್ತ್ರೀ' ನೋಡಿ. ಕೆಳಗೆ ಎರಡು ಮಹಡಿ ಇಳಿಯುವ ಅಕ್ಷರ ಇವು.

ದುಡ್ಡು ಕೊಡದೆ ಸಿಗುವ ಒಳ್ಳೆಯ ದಪ್ಪ ಕನ್ನಡ ಫಾಂಟ್ ಯಾವುದುಂಟು?

ನಾನು ದಿನಾ ಬಳಸುವುದು ಬಾಲೂ ತಮ್ಮ. ಮುಂಬೈಯ ಏಕ್ ಟೈಪ್‌ನವರದ್ದು, ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತದೆ. ದುಂಡು ದುಂಡು, ಮೆತ್ತಗೆ, ಮಕ್ಕಳ ಕಾರ್ಯಕ್ರಮ, ಬೇಕರಿ, ಐಸ್‌ಕ್ರೀಮ್ ಅಂಗಡಿಗೆ ಹೇಳಿ ಮಾಡಿಸಿದ್ದು. ಮೊದಲಿನದ್ದು ಒಂದೇ ದಪ್ಪದ್ದಿತ್ತು, ಬಾಲೂ ತಮ್ಮ 2ರಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ 5 ದಪ್ಪ ಇವೆ.

ಅದೇ ಏಕ್ ಟೈಪ್‌ನವರ ಅನೇಕ್ ಕನ್ನಡ ಇನ್ನೊಂದು. ಇದರಲ್ಲಿ ದಪ್ಪವನ್ನೂ ಅಗಲವನ್ನೂ ಬೇರೆ ಬೇರೆಯಾಗಿ ಹೆಚ್ಚು ಕಡಿಮೆ ಮಾಡಬಹುದು. ಉದ್ದದ ಹೆಸರು ಸಣ್ಣ ಬೋರ್ಡಿನಲ್ಲಿ ಕೂರಬೇಕಾದಾಗ ಅಕ್ಷರವನ್ನು ಹಿಡಿದು ಹಿಂಡುವ ಬದಲು ಇದರ ಕಿರಿದಾದ ರೂಪ ಹಾಕಿ. ಅಲಂಕಾರ ಅಂತ ಏನೂ ಇಲ್ಲ, ಆದರೆ ದಪ್ಪ ಮಾಡಿದಾಗ ಗಟ್ಟಿಯಾಗಿ ನಿಲ್ಲುತ್ತದೆ.

ನಿಜವಾದ ವೇಷಗಾರಿಕೆ ಬೇಕಾದರೆ ಅಕಾಯ ಕನಡಕ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ್ದು. ಒಂದೇ ದಪ್ಪ, ಆದರೆ ಒಂದೊಂದು ಅಕ್ಷರಕ್ಕೂ ಒಂದು ಗತ್ತು. ಪುಸ್ತಕದ ಮುಖಪುಟ, ನಾಟಕದ ಪೋಸ್ಟರು, ಕಾಫಿ ಅಂಗಡಿ, ಇಂಥದ್ದಕ್ಕೆ ಚಂದ. ಸೊಸೈಟಿಯ ಮಹಾಸಭೆಯ ನೋಟೀಸಿಗೆ ಹಾಕಬೇಡಿ.

ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರೂ ಒಂದೇ ಬೋರ್ಡಿನಲ್ಲಿ ಬೇಕು. ಮೂರಕ್ಕೂ ದಪ್ಪ ಡಿಸೈನ್ ಅಕ್ಷರ ಹಾಕಬಹುದಾ?

ಹಾಕಬಹುದು, ಒಂದೇ ಕುಟುಂಬದ್ದಾದರೆ. ಬಾಲೂ ಇಲ್ಲಿ ಉಪಕಾರಕ್ಕೆ ಬರುತ್ತದೆ. ಈ ಫಾಂಟಿನ ಹೆಚ್ಚಿನ ಲಿಪಿಗಳಿಗೆ ಆ ಭಾಷೆಯ ಅಣ್ಣತಮ್ಮಂದಿರ ಹೆಸರಿಟ್ಟಿದ್ದಾರೆ. ಕನ್ನಡಕ್ಕೆ ತಮ್ಮ, ಮಲಯಾಳಕ್ಕೆ ಚೆಟ್ಟನ್, ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು. ಕಾಸರಗೋಡಿನಲ್ಲಿ ಮಲಯಾಳವೇ ಅಣ್ಣ, ಕನ್ನಡ ತಮ್ಮ ಆದದ್ದು ಕಾಕತಾಳೀಯವೇ ಇರಬೇಕು. ಹೇಳಿದರೆ ಕೆಲವರಿಗೆ ನಗು, ಕೆಲವರಿಗೆ ಕೋಪ. ಅನೇಕ್‌ನಲ್ಲೂ ಮಲಯಾಳಂ ಉಂಟು. ಇಂಗ್ಲಿಷ್ ಎರಡರೊಳಗೂ ಇದೆ.

ಮಲಯಾಳದ್ದು ಮಾತ್ರ ಬೇರೆ ಬೇಕಾದರೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್‌ನವರ ಫಾಂಟುಗಳನ್ನು ನೋಡಿ, ಮಂಜರಿ, ಗಾಯತ್ರಿ, ಉರೂಬ್ ಎಲ್ಲ ಇವೆ. ಈ ವಿಷಯದಲ್ಲಿ ಅವರು ನಮಗಿಂತ ಮುಂದೆ, ಒಪ್ಪಿಕೊಳ್ಳಲೇಬೇಕು.

ಈಗ ಕಷ್ಟದ ಭಾಗ. ಮೂರಕ್ಕೂ ಒಂದೇ ಪಾಯಿಂಟ್ ಸೈಜ್ ಕೊಟ್ಟರೆ ಮೂರೂ ಒಂದೇ ಗಾತ್ರ ಕಾಣುವುದಿಲ್ಲ. ಇಂಗ್ಲಿಷಿನ ಕ್ಯಾಪಿಟಲ್ ಎತ್ತರವಾಗಿ ನಿಂತುಬಿಡುತ್ತದೆ. ಕನ್ನಡಕ್ಕೆ ಕೆಳಗೆ ಒತ್ತಿಗೆ ಜಾಗ ಬೇಕು, ಹಾಗಾಗಿ ಮೈ ಸಣ್ಣದಾಗುತ್ತದೆ. ಮಲಯಾಳ ಅಡ್ಡಕ್ಕೆ ಹರಡುತ್ತದೆ. ನಾನು ನಂಬರ್ ನೋಡುವುದೇ ಇಲ್ಲ. ಕನ್ನಡದ 'ಕ' ಮೈ, ಮಲಯಾಳದ 'ಕ' ಮೈ, ಇಂಗ್ಲಿಷಿನ ಕ್ಯಾಪಿಟಲ್ ಮೂರನ್ನೂ ಪಕ್ಕ ಪಕ್ಕ ಇಟ್ಟು ಕಣ್ಣಳತೆಯಲ್ಲಿ ಹೊಂದಿಸುತ್ತೇನೆ. ಇಂಗ್ಲಿಷನ್ನು ಯಾವಾಗಲೂ ಸ್ವಲ್ಪ ಇಳಿಸಬೇಕಾಗುತ್ತದೆ.

ಇನ್ನೊಂದು, ಮೂರರಲ್ಲೂ ಅಲಂಕಾರ ಜಾಸ್ತಿ ಬೇಡ. ಒಂದಕ್ಕೆ ಬಣ್ಣದ ವೇಷ ಕೊಟ್ಟು ಉಳಿದೆರಡನ್ನು ಗಟ್ಟಿ ಸಾದಾ ಅಕ್ಷರದಲ್ಲಿ ಬಿಡಿ. ಯಾವ ಭಾಷೆಗೆ ವೇಷ ಅಂತ ನನ್ನನ್ನು ಕೇಳಬೇಡಿ ಮಾರಾಯ್ರೇ, ನಾನು ಇದೇ ಊರಲ್ಲಿ ಅಂಗಡಿ ಇಟ್ಟುಕೊಂಡು ಬದುಕಬೇಕು. ಮತ್ತೆ ಹೆಸರು ಅನುವಾದ ಮಾಡುವಾಗ ಜಾಗ್ರತೆ: ಕನ್ನಡದಲ್ಲಿ ಮಂಜೇಶ್ವರ, ಮಲಯಾಳದಲ್ಲಿ ಮಂಜೇಶ್ವರಂ. ಒಂದರ ರೂಪವನ್ನು ಇನ್ನೊಂದರ ಲಿಪಿಯಲ್ಲಿ ಹಾಗೇ ಬರೆದರೆ ಎರಡೂ ಕಡೆಯವರು ಫೋನ್ ಮಾಡುತ್ತಾರೆ.

ರಸ್ತೆಯಿಂದ ಕಾಣಬೇಕಾದರೆ ಅಕ್ಷರ ಎಷ್ಟು ದೊಡ್ಡದಿರಬೇಕು?

ಬೋರ್ಡು ಮಾಡುವವರ ಹಳೇ ಲೆಕ್ಕ ಒಂದುಂಟು: 10 ಅಡಿ ದೂರಕ್ಕೆ 1 ಇಂಚು ಎತ್ತರ. 60 ಅಡಿಯಿಂದ ಚೆನ್ನಾಗಿ ಓದಬೇಕಾದರೆ 6 ಇಂಚು. ಇದು ಇಂಗ್ಲಿಷ್ ಕ್ಯಾಪಿಟಲ್‌ಗೆ. ಕನ್ನಡಕ್ಕೆ ನಾನು 8 ಇಂಚು ಹಾಕುತ್ತೇನೆ, ಅದೂ ಒತ್ತು, ಗುಡಿಸು ಬಿಟ್ಟು ಬರೀ ಅಕ್ಷರದ ಮೈಯ ಅಳತೆ. ಹೆದ್ದಾರಿ ಬದಿಯಾದರೆ ಇನ್ನೂ ಜಾಸ್ತಿ. ಓಡುವ ವಾಹನದಲ್ಲಿ ಕೂತವರಿಗೆ ಅಲಂಕಾರ ಕಾಣುವುದಿಲ್ಲ, ಅಕ್ಷರದ ಆಕಾರ ಮಾತ್ರ.

ನೆರಳು, ಔಟ್‌ಲೈನ್, ಬಂಗಾರದ ಬಣ್ಣ ಎಲ್ಲ ಹಾಕಿ ಕೊಡಿ ಅಂದರೆ ಯಾಕೆ ಮುಖ ಸಿಂಡರಿಸುತ್ತೀರಿ?

ಎಲ್ಲ ಅಂದದ್ದಕ್ಕೆ. ಒಂದು ಕೇಳಿ, ಕೊಡುತ್ತೇನೆ.

ನೆರಳಿನ ವಿಷಯದಲ್ಲಿ ಒಂದು ಗುಟ್ಟು. ಕಂಪ್ಯೂಟರ್ ತಾನಾಗಿ ಕೊಡುವ ನೆರಳು ಬಲಕ್ಕೆ, ಕೆಳಕ್ಕೆ ಬೀಳುತ್ತದೆ. ಕನ್ನಡದ ಒತ್ತು ಕೂರುವುದೂ ಅದೇ ಮೂಲೆಯ ಕಡೆ. ಎರಡೂ ಸೇರಿ ಗಂಟು ಬೀಳುತ್ತದೆ. ನೆರಳನ್ನು ಎಡಕ್ಕೆ ತಿರುಗಿಸಿ ನೋಡಿ, 'ಮುಳ್ಳೇರಿಯ'ದ ಳ್ಳ ಉಸಿರಾಡುತ್ತದೆ. ಔಟ್‌ಲೈನ್ ಬೇಕೇ ಬೇಕಾದರೆ ಅಕ್ಷರದ ಹಿಂದಿನ ಪದರದಲ್ಲಿ ಕೊಡಿ, ಒಳಕ್ಕೆ ಕೊರೆಯಬಾರದು. ಕೆಂಪು ಅಕ್ಷರ, ಹಳದಿ ಔಟ್‌ಲೈನ್, ಹಸಿರು ಹಿನ್ನೆಲೆ ಅಂತ ಬರುವವರಿಗೆ ನಾನು ಒಂದು ಪ್ರಿಂಟ್ ತೆಗೆದು ಎದುರಿನ ಅಂಗಡಿಯ ಗೋಡೆಗೆ ಅಂಟಿಸಿ ರಸ್ತೆ ದಾಟಿ ನಿಂತು ಓದಿ ಅನ್ನುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಅಕ್ಷರಗಳ ನಡುವೆ ಜಾಗ ಬಿಟ್ಟರೆ ಸ್ಟೈಲಾಗಿ ಕಾಣುತ್ತದಲ್ವಾ?

ಇಂಗ್ಲಿಷ್ ಕ್ಯಾಪಿಟಲ್‌ಗೆ ಹೌದು. ಕನ್ನಡದಲ್ಲಿ ಜಾಗ ಎಳೆದರೆ ದೀರ್ಘದ ಚಿಹ್ನೆ ತನ್ನ ಅಕ್ಷರದಿಂದ ಬಿಟ್ಟುಹೋಗಿ ಅನಾಥವಾಗಿ ನಿಲ್ಲುವುದುಂಟು. 'ಕಾಸರಗೋಡು'ವಿನ ಗೋ ಒಡೆದು ಎರಡು ತುಂಡಾಗುತ್ತದೆ. ದಪ್ಪ ಅಕ್ಷರವನ್ನು ಒಟ್ಟಿಗೆ ಇರಲು ಬಿಡಿ. ಜಾಗ ಬೇಕಾದ್ದು ಸಾಲುಗಳ ನಡುವೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ತಲೆಗೆ ಬಡಿಯಬಾರದು.

ಓರೆ ಅಕ್ಷರ?

ಬೇಡ. ಕನ್ನಡದ ದುಂಡು ಅಕ್ಷರ ಓರೆ ಮಾಡಿದರೆ ಗಾಳಿಗೆ ಬಾಗಿದ ಅಡಿಕೆ ಮರದ ಹಾಗೆ, ಯಾವಾಗ ಬೀಳುತ್ತದೋ ಅನ್ನಿಸುತ್ತದೆ. ನಮಗೆ ಕ್ಯಾಪಿಟಲ್ಲೂ ಇಲ್ಲ. ಒತ್ತಿ ಹೇಳಬೇಕಾದರೆ ನಮ್ಮ ಕೈಯಲ್ಲಿರುವುದು ದಪ್ಪ, ಗಾತ್ರ, ಬಣ್ಣ ಮೂರೇ. ಹಾಗಾಗಿಯೇ ಕನ್ನಡಕ್ಕೆ ಒಳ್ಳೆಯ ದಪ್ಪ ಅಕ್ಷರ ಇಷ್ಟು ಮುಖ್ಯ.

ಯಕ್ಷಗಾನದ ಕರಪತ್ರಕ್ಕೆ ಎಲ್ಲೆಲ್ಲಿ ಹಾಕಬೇಕು?

ಪ್ರಸಂಗದ ಹೆಸರಿಗೆ. ಅಷ್ಟೇ. ಮೇಳದ ಹೆಸರಿಗೆ ಗಟ್ಟಿ ಸಾದಾ ಅಕ್ಷರ, ದಿನ ಮತ್ತು ಜಾಗಕ್ಕೆ ಅದರದ್ದೇ ಬೋಲ್ಡ್, ಕಲಾವಿದರ ಪಟ್ಟಿಗೆ ಓದುವ ಅಕ್ಷರ. ಭಾಗವತರು, ಚೆಂಡೆ, ಮದ್ದಳೆ, ಮುಮ್ಮೇಳ ಅಂತ ಮೂವತ್ತು ಹೆಸರು ಇರುತ್ತವೆ. ಅದನ್ನೂ ಅಲಂಕಾರಿಕದಲ್ಲಿ ಹಾಕಿ ಅಂದವರಿದ್ದಾರೆ, ಹಾಕಿ ಕೊಟ್ಟಿದ್ದೇನೆ ಕೂಡ, ಆಮೇಲೆ ತಮ್ಮ ಹೆಸರು ತಾವೇ ಹುಡುಕಲು ಅವರಿಗೆ ಕನ್ನಡಕ ಬೇಕಾಯಿತು. ಯಾರ ಹೆಸರು ಎಷ್ಟು ದೊಡ್ಡದು ಎಂಬ ಜಗಳವನ್ನು ಮಾತ್ರ ನೀವೇ ಮುಗಿಸಿಕೊಂಡು ಬನ್ನಿ. ಅದಕ್ಕೆ ಫಾಂಟ್ ಇಲ್ಲ.

ದೇವಸ್ಥಾನದ ಹೇಳಿಕೆಗೂ ಇದೇ ಕ್ರಮ. ತೇದಿಗೆ 123 ಅಂಕಿಯೇ ಇರಲಿ, ಮಲಯಾಳ ಓದುವವರೂ ಬರುವವರೇ ಅಲ್ವಾ. ಕನ್ನಡ ಅಂಕಿ ಚಂದ ಹೌದು, ಆದರೆ ದಪ್ಪ ಫಾಂಟಿನಲ್ಲಿ ೬ ಮತ್ತು ೯ ದೂರದಿಂದ ಒಂದೇ ಥರ ಕಂಡು ಜನ ಮೂರು ದಿನ ಬೇಗ ಬಂದರೆ ಕಷ್ಟ.

ವಾಟ್ಸಾಪಿನಲ್ಲಿ ಕಳಿಸಿದ ಬರಹಕ್ಕೆ ನಿಮ್ಮ ಡಿಸೈನ್ ಫಾಂಟ್ ಹಾಕಿದರೆ ಯಾಕೆ ಬದಲಾಗುವುದಿಲ್ಲ?

ಅದು ಹಳೇ ಕಾಲದ ಫಾಂಟ್ ಇರಬೇಕು. ಮೊದಲು ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದರು. ಕಂಪ್ಯೂಟರಿಗೆ ಅದು ಇಂಗ್ಲಿಷೇ. ಫಾಂಟ್ ತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಸಾಲು ಉಳಿಯುತ್ತದೆ. ಈಗ ಫೋನಿನಲ್ಲಿ ಬರೆಯುವುದು ಯೂನಿಕೋಡ್, ಎಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ನಂಬರ್ ಇರುವ ಕ್ರಮ. ಎರಡರ ಲೆಕ್ಕವೇ ಬೇರೆ. ಹಳೇ ಅಲಂಕಾರಿಕ ಫಾಂಟಿನ ಮೇಲೆ ಅಷ್ಟು ಪ್ರೀತಿ ಇದ್ದರೆ ಬರಹವನ್ನು ಕನ್ವರ್ಟರಿನಲ್ಲಿ ಬದಲಿಸಿ ಹಾಕಬೇಕು, ಹಾಕಿದ ಮೇಲೆ ಒಂದೊಂದು ಒತ್ತನ್ನೂ ಓದಿ ನೋಡಬೇಕು. ಹೊಸ ಕೆಲಸಕ್ಕೆ ಯೂನಿಕೋಡ್ ಫಾಂಟನ್ನೇ ಹಿಡಿಯಿರಿ.

ಫೋಟೋಶಾಪಿನಲ್ಲಿ ಒತ್ತಕ್ಷರ ಒಡೆದು ಹೋಗುತ್ತದೆ. ಫಾಂಟ್ ಹಾಳಾ?

ಫಾಂಟ್ ಸರಿ ಇದೆ, ಸೆಟ್ಟಿಂಗ್ ಸರಿ ಇಲ್ಲ. ಕೆಲವು ವರ್ಷ ಹಿಂದಿನ ಫೋಟೋಶಾಪ್ ಆದರೆ ಪ್ರಿಫರೆನ್ಸಸ್, ಅದರಲ್ಲಿ ಟೈಪ್, ಅಲ್ಲಿ ಟೆಕ್ಸ್ಟ್ ಎಂಜಿನ್‌ನಲ್ಲಿ ವರ್ಲ್ಡ್ ರೆಡಿ ಅಂತ ಉಂಟು, ಇನ್ನೂ ಹಳೇ ಆವೃತ್ತಿಯಾದರೆ ಮಿಡಲ್ ಈಸ್ಟರ್ನ್ ಮತ್ತು ಸೌತ್ ಏಷ್ಯನ್ ಅಂತ ಇರುತ್ತದೆ. ಅದನ್ನು ಆರಿಸಿ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್ಲಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್. ಇಲ್ಲಸ್ಟ್ರೇಟರಿನಲ್ಲಿ ಇಂಡಿಕ್ ಆಯ್ಕೆ ತೋರಿಸು ಅಂತ ಟಿಕ್ ಹಾಕಬೇಕು. ಇಂಕ್‌ಸ್ಕೇಪಿನಲ್ಲಿ ಇದೇನೂ ಬೇಡ, ಪುಕ್ಕಟೆ ಬೇರೆ.

ಅಂಗಡಿ ಹೆಸರುಗಳಲ್ಲಿ ಇನ್ನೊಂದು ಕಿರಿಕಿರಿ. 'ಟೆಕ್ಸ್‌ಟೈಲ್ಸ್' ಅಂತ ಬೇಕಾದಾಗ 'ಟೆಕ್ಸ್ಟೈಲ್ಸ್' ಅಂತ ಒತ್ತು ಇಳಿದುಬಿಡುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಕೀಲಿ ಒತ್ತಬೇಕು, ಹೆಚ್ಚಿನ ಕನ್ನಡ ಕೀಲಿಮಣೆಗಳಲ್ಲಿ ಇದೆ, ಅದರ ಹೆಸರು ಝಡ್‌ಡಬ್ಲ್ಯುಎನ್‌ಜೆ. 'ರ್ಯಾಲಿ'ಯನ್ನು 'ರ‍್ಯಾಲಿ' ಮಾಡಲು ಅದರ ಜೊತೆಗಾರ ಝಡ್‌ಡಬ್ಲ್ಯುಜೆ. ಫಾಂಟ್ ದಪ್ಪ ಇದ್ದಷ್ಟೂ ಈ ಬೇಡದ ಒತ್ತುಗಳು ಕಣ್ಣಿಗೆ ಕುಕ್ಕುತ್ತವೆ.

ಫ್ಲೆಕ್ಸ್ ಬದಲು ಬಟ್ಟೆ ಅಂದಾಗ ಅಕ್ಷರ ಬದಲಿಸಬೇಕಾ?

ಸ್ವಲ್ಪ. 2019ರಲ್ಲಿ ಕೇರಳದಲ್ಲಿ ಪಿವಿಸಿ ಫ್ಲೆಕ್ಸಿಗೆ ನಿಷೇಧ ಬಂದ ಮೇಲೆ ನಾವು ಬಟ್ಟೆಗೆ ಹೊರಳಿದವರು. ಮಂಗಳೂರಿನಲ್ಲಿ ಮಾಡಿಸಿದ ಡಿಸೈನನ್ನೇ ತಂದು ಇಲ್ಲಿ ಬಟ್ಟೆಗೆ ಹೊಡೆಸುವವರು ತುಂಬಾ ಜನ. ಬಟ್ಟೆಯಲ್ಲಿ ಶಾಯಿ ಹರಡುತ್ತದೆ, ಸೀಳು ಮುಚ್ಚುತ್ತದೆ. ಮೇಲೆ ಹೇಳಿದ ದಾರ್ಮಿಕ ಸಬೆ ನೆನಪಿಸಿಕೊಳ್ಳಿ. ಒಂದು ದಪ್ಪ ಕಡಿಮೆ ಮಾಡಿ: ಎಕ್ಸ್‌ಟ್ರಾ ಬೋಲ್ಡ್ ಇದ್ದಲ್ಲಿ ಬೋಲ್ಡ್.

ವಿನೈಲ್ (ಅಂಟಿಸುವ ಪ್ಲಾಸ್ಟಿಕ್ ಹಾಳೆ) ಕತ್ತರಿಸಿ ಅಕ್ಷರ ಮಾಡುವುದಾದರೆ ಹಳೇ ಮರದ ಥರ, ಸವೆದ ಥರ ಕಾಣುವ ಫಾಂಟ್ ತರಬೇಡಿ. ಆ ಒರಟು ಅಂಚಿನಲ್ಲಿ ಸಾವಿರಾರು ಬಿಂದುಗಳಿರುತ್ತವೆ, ಕತ್ತರಿಸುವ ಯಂತ್ರ ಗೊಣಗುತ್ತದೆ, ಆಮೇಲೆ ಚಿಮಟಿ ಹಿಡಿದು ಸಣ್ಣ ಚೂರುಗಳನ್ನು ಕೀಳುವ ಹುಡುಗ ಕೆಲಸ ಬಿಡುತ್ತಾನೆ.

ಎದ್ದು ನಿಲ್ಲುವ ಆಕ್ರಿಲಿಕ್ ಅಥವಾ ಲೋಹದ ಅಕ್ಷರಕ್ಕೆ ಬೇರೆ ಯೋಚನೆ. ಕನ್ನಡದಲ್ಲಿ ಒತ್ತು, ಅನುಸ್ವಾರ, ದೀರ್ಘ ಎಲ್ಲ ಹೆಚ್ಚಾಗಿ ಬಿಡಿ ತುಂಡುಗಳು. ಒಂದೊಂದಕ್ಕೂ ಬೇರೆ ಮೊಳೆ, ಬೇರೆ ಅಂಟು. ಒಂದು ಮಳೆಗಾಲದ ಗಾಳಿಗೆ ನಾವು ಹಾಕಿದ 'ಅಂಗಡಿ'ಯ ಸೊನ್ನೆ ಹಾರಿ 'ಅಗಡಿ' ಆಗಿ ಸುಗ್ಗಿವರೆಗೂ ಹಾಗೇ ಇತ್ತು. ಆಮೇಲೆ ನಾನು ಬಿಡಿ ತುಂಡುಗಳನ್ನು ಅಕ್ಷರದ ಮೈಗೆ ಅಂಟಿಸಿಯೇ ಚಿತ್ರ ಮಾಡುವುದು. ದಪ್ಪ ಫಾಂಟಿನಲ್ಲಿ ಹಾಗೆ ಮಾಡುವುದು ಸುಲಭ, ಯಾರಿಗೂ ಗೊತ್ತೂ ಆಗುವುದಿಲ್ಲ.

ತುಳು ನಾಟಕದ ಪೋಸ್ಟರಿಗೆ?

ಕನ್ನಡ ಲಿಪಿಯಲ್ಲಿ ಬರೆಯುವುದಾದರೆ ಶಬ್ದದ ಕೊನೆಯ ಅರ್ಧಾಕ್ಷರ ನೋಡಿಕೊಳ್ಳಿ. ಇಲ್ಲ್, ಪೇರ್, ನೀರ್, ತುಳುವಿನಲ್ಲಿ ಇಂಥವು ಹೆಜ್ಜೆ ಹೆಜ್ಜೆಗೂ ಬರುತ್ತವೆ. ಆ ಕೊನೆಯ ಬಾಲ ಕೆಲವು ಅಲಂಕಾರಿಕ ಫಾಂಟಿನಲ್ಲಿ ಮೊಂಡಾಗಿರುತ್ತದೆ, ಕೆಲವುಗಳಲ್ಲಿ ಪಕ್ಕದ ಶಬ್ದಕ್ಕೆ ಹೋಗಿ ತಾಗುತ್ತದೆ.

ತುಳು ಲಿಪಿಯಲ್ಲೇ ಬೇಕು ಅಂತ ಈಗ ತುಂಬಾ ಜನ ಕೇಳುತ್ತಾರೆ. ತುಳು-ತಿಗಳಾರಿ ಲಿಪಿ ಯೂನಿಕೋಡಿಗೆ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ, ಅದರ 16.0 ಆವೃತ್ತಿಯಲ್ಲಿ. ದಾರಿ ಈಗಷ್ಟೇ ತೆರೆದಿದೆ. ಒಳ್ಳೆಯ ದಪ್ಪ ಫಾಂಟ್ ಕೈಗೆ ಸಿಗುವವರೆಗೆ ನಾನು ಬೋರ್ಡಿನ ತುಳು ಹೆಸರನ್ನು ಗೊತ್ತಿರುವವರ ಹತ್ತಿರ ಕೈಯಲ್ಲಿ ಬರೆಸಿ, ಸ್ಕ್ಯಾನ್ ಮಾಡಿ, ಗೆರೆ ಎಳೆದು ದಪ್ಪ ಮಾಡುತ್ತೇನೆ.

ಪುಕ್ಕಟೆ ಫಾಂಟನ್ನು ವ್ಯಾಪಾರಕ್ಕೆ ಬಳಸಬಹುದಾ? ಆಮೇಲೆ ಕೇಸ್ ಬೀಳುವುದಿಲ್ವಾ?

ಮೇಲೆ ಹೇಳಿದ ಬಾಲೂ, ಅನೇಕ್, ಅಕಾಯ ಎಲ್ಲ ಓಪನ್ ಫಾಂಟ್ ಲೈಸನ್ಸಿನವು. ಬೋರ್ಡು, ಲೋಗೋ, ಪ್ಯಾಕೆಟ್ಟು, ಪುಸ್ತಕ, ವೆಬ್‌ಸೈಟು, ಯಾವುದಕ್ಕೂ ಹಾಕಬಹುದು, ದುಡ್ಡೂ ಮಾಡಬಹುದು. ಫಾಂಟ್ ಫೈಲನ್ನೇ ಬಿಡಿಯಾಗಿ ಮಾರುವ ಹಾಗಿಲ್ಲ. ಪೆನ್‌ಡ್ರೈವಿನಲ್ಲಿ ಯಾರೋ ಕೊಟ್ಟ '500 ಕನ್ನಡ ಸ್ಟೈಲ್ ಫಾಂಟ್' ಗಂಟಿನ ಬಗ್ಗೆ ಈ ಮಾತು ಹೇಳಲಾರೆ. ಅದರಲ್ಲಿ ಯಾರ ಬೆವರು ಇದೆಯೋ.

ಪ್ರೆಸ್ಸಿಗೆ ಕಳಿಸುವಾಗ ಅಕ್ಷರವನ್ನು ಕರ್ವ್ ಮಾಡಿ, ಎಂದರೆ ಬರೀ ಗೆರೆಯ ಚಿತ್ರವಾಗಿ ಬದಲಿಸಿ, ಪಿಡಿಎಫ್ ಕಳಿಸಿ. ಬರಹದ ಮೂಲ ಫೈಲ್ ನಿಮ್ಮಲ್ಲೇ ಬೇರೆ ಇಟ್ಟುಕೊಳ್ಳಿ, ಯಾಕೆಂದರೆ ಕರ್ವ್ ಮಾಡಿದ ಮೇಲೆ ತಪ್ಪು ಕಂಡರೆ ತಿದ್ದಲು ಆಗುವುದಿಲ್ಲ. ಮತ್ತು ತಪ್ಪು ಕಾಣುವುದು ಯಾವಾಗಲೂ ಕರ್ವ್ ಮಾಡಿದ ಮೇಲೆಯೇ.

ಎಐಯಲ್ಲಿ ಮಾಡಿದ ಪೋಸ್ಟರ್ ತಂದಿದ್ದೇನೆ, ಅದರ ಅಕ್ಷರದ ಹಾಗೇ ಬೇಕು.

ತನ್ನಿ, ನೋಡೋಣ. ಈವರೆಗೆ ಬಂದವುಗಳಲ್ಲಿ ಹೆಚ್ಚಿನವು ದೂರದಿಂದ ಕನ್ನಡ, ಹತ್ತಿರದಿಂದ ಜಿಲೇಬಿ. ಬಣ್ಣ, ಗತ್ತು ನೋಡಿಕೊಂಡು ಅದೇ ಭಾವದ ನಿಜವಾದ ಅಕ್ಷರ ಹುಡುಕಿ ಕೊಡುತ್ತೇನೆ.

ನಿಮ್ಮ ಅಂಗಡಿಯ ಬೋರ್ಡಿನಲ್ಲಿರುವುದು ಯಾವ ಫಾಂಟ್?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಫೋಟೋ ತೆಗೆದು ಹುಡುಕಿದವರೂ ಇದ್ದಾರೆ. ಅದು ಫಾಂಟ್ ಅಲ್ಲ. ನಾನು ಅಂಗಡಿ ಹಾಕುವ ಮೊದಲು ಅದೇ ಕೋಣೆಯಲ್ಲಿದ್ದ ಪೈಂಟರೊಬ್ಬರು ಏಣಿ ಹತ್ತಿ ಒಂದು ಮಧ್ಯಾಹ್ನದಲ್ಲಿ ಬರೆದುಕೊಟ್ಟದ್ದು. ಪೆನ್ಸಿಲಿನಲ್ಲಿ ಎರಡು ಅಡ್ಡಗೆರೆ ಮಾತ್ರ ಎಳೆದಿದ್ದರು. ಅದರಲ್ಲಿ ಮೂರು ರ ಬರುತ್ತವೆ, ಮೂರೂ ಬೇರೆ ಬೇರೆ. ನಡುವಿನದ್ದು ಸ್ವಲ್ಪ ಅಗಲ, ಯಾಕೆಂದರೆ ಅಲ್ಲಿ ಹಲಗೆಯಲ್ಲೊಂದು ಗಂಟು ಇತ್ತು, ಅದನ್ನು ಮುಚ್ಚಬೇಕಿತ್ತು.